ಇವತ್ತು ಸಮುದ್ರ ಇಲ್ಲ

ಅವಳು: ಸಮುದ್ರಕ್ಕೆ ಹೋಗಲೇಬಾರದು ಅಂತ ನಾನು ಯಾವತ್ತಾದ್ರೂ ಅಂದಿದ್ದೀನಾ? ಇವತ್ತು ಬೇಡ ಅಂದೆ, ಅಷ್ಟೇ.

ಗಂಡ: ನಿಂಗೆ ದಿನಾ ಇವತ್ತೇ ಬೇಡ. ನಾಳೆ ಅನ್ನೋದು ಬಂದು ಬಾಗಿಲು ತಟ್ಟಿದ್ರೆ ಅದಕ್ಕೂ ಇವತ್ತು ಅಂತ ಹೆಸರಿಟ್ಟು ವಾಪಸ್ ಕಳಿಸ್ತೀಯ.

ಅವಳು: ಗಾಳಿ ನೋಡಿದ್ರಾ ನೀವು?

ಗಂಡ: ಗಾಳೀನ ಯಾರಾದ್ರೂ ನೋಡ್ತಾರೇನೇ?

ಅವಳು: ಮೊಬೈಲಲ್ಲಿ ನೋಡ್ತಾರೆ.

ಹೀಗೆಂದು ಅವಳು ಮೊಬೈಲನ್ನು ಗಂಡನ ಮೂಗಿನ ಕೆಳಗೇ ಹಿಡಿದಳು. ಪರದೆ ಮಾಗಿದ ಟೊಮೆಟೊ ಬಣ್ಣಕ್ಕೆ ತಿರುಗಿತ್ತು.

ಗಂಡನನ್ನು ಬ್ಯಾಂಕಿನವರು ಈ ಊರಿಗೆ ವರ್ಗ ಮಾಡಿ, ಕಡಲಿಗೆ ಎದುರಾಗಿರುವ ಈ ಕಟ್ಟಡದ ಮೇಲಂತಸ್ತಿಗೆ ಸಂಸಾರ ಬಂದಿಳಿದು ಒಂದು ಮಳೆಗಾಲವೇ ಕಳೆದಿತ್ತು. ಹಾಲ್‌ನ ಕಿಟಕಿ ತೆರೆದರೆ ಕೈಗೆಟುಕುವ ಹಾಗೆ ಸಮುದ್ರ. ಆದರೆ ನಾಲ್ಕು ವರ್ಷದ ಮಗಳು ಅದರಲ್ಲಿ ಇನ್ನೂ ಒಂದು ಬೆರಳನ್ನೂ ಅದ್ದಿರಲಿಲ್ಲ. ಬೆಳಗೆದ್ದರೆ ಕಿರ್ರೆಂದು ರಾಗ ತೆಗೆಯುತ್ತಿದ್ದ ಆ ಹುಡುಗಿಗೆ ಮನೆಯಲ್ಲಿ ಜೀರುಂಡೆ ಎಂದೇ ಹೆಸರು. ಬಂದ ಹೊಸದರಲ್ಲಿ ಬಿಸಿಲು ಹೆಚ್ಚಾಯಿತು, ಆಮೇಲೆ ಮೋಡ ಹೆಚ್ಚಾಯಿತು, ಆಮೇಲೆ ಗಾಳಿ ಜೋರಾಯಿತು, ಕೊನೆಗೆ ಗಾಳಿಯೇ ಇಲ್ಲವೆಂದಾಯಿತು. ತಾಯಿ ಹಲ್ಲುಜ್ಜುವ ಮೊದಲೇ ನಾಲ್ಕು ಆಪ್ ತೆರೆದು, ಯಾವುದು ಎಲ್ಲಕ್ಕಿಂತ ಕೆಟ್ಟ ಸುದ್ದಿ ಹೇಳುತ್ತದೋ ಅದನ್ನು ನಂಬುತ್ತಿದ್ದಳು. ಒಳ್ಳೆಯ ಸುದ್ದಿ ಹೇಳಿದ ಆಪನ್ನು ಅವಳು ಬೇಜವಾಬ್ದಾರಿಯದು ಎಂದು ತೆಗೆದುಹಾಕಿದ್ದೂ ಉಂಟು. ಅಂಗಡಿಯವನು ಹಾಲು ಮುಗಿಯಿತು ಅನ್ನುವಷ್ಟೇ ಸಲೀಸಾಗಿ ‘ಇವತ್ತು ಸಮುದ್ರ ಇಲ್ಲ ಪುಟ್ಟಾ’ ಎಂಬ ಮಾತು ಅವಳ ನಾಲಿಗೆಗೆ ಹತ್ತಿಬಿಟ್ಟಿತ್ತು.

ಇವತ್ತಿನ ಜಗಳಕ್ಕೆ ಕಾರಣ ಒಂದು ಚಿತ್ರ. ಶಿಶುವಿಹಾರದಲ್ಲಿ ಮಕ್ಕಳಿಗೆಲ್ಲ ಸಮುದ್ರ ಬಿಡಿಸಲು ಹೇಳಿದ್ದರಂತೆ. ಉಳಿದ ಮಕ್ಕಳು ಮೀನು, ದೋಣಿ, ಅಲೆ ಬಿಡಿಸಿದ್ದವು. ಜೀರುಂಡೆ ಒಂದು ಕಿಟಕಿ ಬಿಡಿಸಿದ್ದಳು. ಮುಚ್ಚಿದ ಕಿಟಕಿ. ಗಂಡ ಅದನ್ನು ತಂದು ಫ್ರಿಜ್ಜಿನ ಬಾಗಿಲಿಗೆ, ಹೆಂಡತಿಯ ಕಣ್ಣಿನ ಎತ್ತರಕ್ಕೆ ಸರಿಯಾಗಿ ಅಂಟಿಸಿದ್ದ.

ಬಟಾಣಿ ಸುಲಿಯುತ್ತ ಕುಳಿತಿದ್ದ ಅತ್ತೆ ಕನ್ನಡಕ ಸರಿಮಾಡಿಕೊಂಡು ಚಿತ್ರದ ಕಡೆ ಬಗ್ಗಿದರು.

ಅತ್ತೆ: ಚಿಲಕ ಮಾತ್ರ ಬಹಳ ಚೆನ್ನಾಗಿ ಬಂದಿದೆ ಕಣಮ್ಮಾ. ಪಾಪ, ಮಗು ಅದನ್ನೇ ನೋಡಿರೋದು.

ಅವಳು: ಅತ್ತೆ, ನೀವೂ ಶುರು ಮಾಡ್ಬೇಡಿ.

ಅತ್ತೆ: ನಾನೇನು ಶುರು ಮಾಡ್ಲಿ? ಬಂದಾಗಿನಿಂದ ಇಲ್ಲೇ ಕೂತಿದ್ದೀನಿ. ಫೋನ್ ಮಾಡಿದೋರೆಲ್ಲ ಸಮುದ್ರ ಹೇಗಿದೆ ಅಂತ ಕೇಳ್ತಾರೆ. ಶಬ್ದ ಚೆನ್ನಾಗಿದೆ ಅಂತೀನಿ.

ಗಂಡ: ಕೊಡಿಲ್ಲಿ ಮೊಬೈಲು, ನಾನೂ ನೋಡ್ತೀನಿ. ‘ಗಾಳಿಯ ಗುಣಮಟ್ಟ ಅತಿ ಕಳಪೆ. ಮಕ್ಕಳು ಮತ್ತು ವೃದ್ಧರು ಹೊರಗೆ ಬರಬಾರದು.’

ಅತ್ತೆ: ವೃದ್ಧರು ಅಂದ್ರೆ ಯಾರೋ?

ಗಂಡ: ಯಾರೋ ಅಮ್ಮಾ, ಪಕ್ಕದ್ಮನೆಯೋರು. ‘ಕಾರಣ: ಮೇಲ್ಸೇತುವೆ ಕಾಮಗಾರಿಯ ಧೂಳು, ವಾಹನ ದಟ್ಟಣೆ.’ ಈ ಊರಲ್ಲಿ ಮೇಲ್ಸೇತುವೆ ಎಲ್ಲಿದೆಯೇ?

ಅವಳು: ಕಟ್ತಿರಬಹುದು.

ಗಂಡ: ಎಲ್ಲಿ? ಸಮುದ್ರದ ಮೇಲಾ?

ಅವಳು: ನಂಗೇನು ಗೊತ್ತು? ನಾನೇನು ಇಂಜಿನಿಯರಾ?

ಗಂಡ: ಇಲ್ನೋಡು, ಮೇಲೆ ಸಣ್ಣ ಅಕ್ಷರದಲ್ಲಿ ಏನಿದೆ. ‘ಹಳೇ ಡಿಪೋ ವೃತ್ತ.’ ಇದು ನಾವು ಮುಂಚೆ ಇದ್ದ ಮನೆ ಹತ್ತಿರದ ಸರ್ಕಲ್ ಅಲ್ವೇನೇ! ಸೋಫಾ ಬಿಟ್ಟು ಬಂದೆ, ಬೀರು ಬಿಟ್ಟು ಬಂದೆ, ಆ ಸರ್ಕಲ್ಲಿನ ಹೊಗೆ ಮಾತ್ರ ಜೋಪಾನವಾಗಿ ಕಟ್ಕೊಂಡು ಬಂದಿದ್ದೀಯಲ್ಲ ಮಾರಾಯ್ತಿ!

ಅವಳು ಮೊಬೈಲ್ ಕಿತ್ತುಕೊಂಡು ನೋಡಿದಳು. ಊರು ಬದಲಾಯಿಸಿದ ಗಡಿಬಿಡಿಯಲ್ಲಿ ಗ್ಯಾಸಿನ ವಿಳಾಸ ಬದಲಾಯಿಸಿದ್ದಳು, ಬ್ಯಾಂಕಿನ ವಿಳಾಸ ಬದಲಾಯಿಸಿದ್ದಳು. ಉಸಿರಾಡುವ ವಿಳಾಸ ಬದಲಾಯಿಸಿರಲಿಲ್ಲ.

ಅವಳು (ನಾಲಿಗೆ ಕಚ್ಚಿಕೊಂಡು): ಅದಕ್ಕೇ ಅನ್ಕೋತಿದ್ದೆ, ಭಾನುವಾರ ಮಾತ್ರ ಇಲ್ಲಿ ಗಾಳಿ ಯಾಕೆ ಅಷ್ಟು ಚೆನ್ನಾಗಿರುತ್ತೆ ಅಂತ.

ಅತ್ತೆ: ಹಾಗಾದ್ರೆ ಭಾನುವಾರ ಹೋಗಬಹುದಿತ್ತಲ್ಲಮ್ಮಾ?

ಅವಳು: ಭಾನುವಾರ ಜನ ಜಾಸ್ತಿ ಅತ್ತೆ. ಮಗು ಕಳೆದುಹೋದ್ರೆ?

ಗಂಡ ನೆತ್ತಿ ಮೇಲೆ ಕೈಯಿಟ್ಟುಕೊಂಡ. ಆದರೆ ಅವಳು ಅಷ್ಟಕ್ಕೆ ಸೋಲುವ ಪೈಕಿಯಲ್ಲ. ಗೋಡೆಯ ಕಪಾಟಿನಿಂದ ದುರ್ಬೀನು ತೆಗೆದುಕೊಂಡು ಬಂದಳು. ಅದು ಗಂಡ ಹಕ್ಕಿ ನೋಡುವುದಕ್ಕೆಂದು ಕೊಂಡದ್ದು. ಈಗ ಅದರ ಮೇಲೆ ಅವನಿಗೆ ಯಾವ ಹಕ್ಕೂ ಉಳಿದಿರಲಿಲ್ಲ.

ಅವಳು: ಗಾಳಿ ಬಿಡಿ. ಬಾವುಟ ನೋಡಿ. ಆ ಕಾವಲು ಗೋಪುರದ ಮೇಲೆ. ಏನು ಬಣ್ಣ?

ಗಂಡ: ಕೆಂಪು.

ಅವಳು: ಹಸಿರಿದ್ರೆ ಇಳೀಬಹುದು, ಹಳದಿ ಇದ್ರೆ ಹುಷಾರಾಗಿ ಇಳೀಬೇಕು, ಕೆಂಪಿದ್ರೆ ಇಳಿಯೋ ಹಾಗೇ ಇಲ್ಲ. ಇದೇನು ನನ್ನ ಆಪ್ ಹೇಳೋದಲ್ಲ, ಸರ್ಕಾರ ಹೇಳೋದು. ಮಳೆ ನಿಂತಾಗಿನಿಂದ ದಿನಾ ಬೆಳಿಗ್ಗೆ ನೋಡ್ತಿದ್ದೀನಿ, ಒಂದಿನ ತಪ್ಪದೆ ಕೆಂಪು. ಗ್ರೂಪಲ್ಲಿ ಎಲ್ರಿಗೂ ತಿಳಿಸ್ತಾ ಇರೋದು ನಾನೇ.

ಇದು ನಿಜ. ಕಟ್ಟಡದವರ ವಾಟ್ಸಾಪ್ ಗುಂಪಿಗೆ ಬೆಳಗಿನ ಹವಾಮಾನ ಬರೆಯುವ ಕೆಲಸವನ್ನು ಯಾರೂ ಅವಳಿಗೆ ಕೊಟ್ಟಿರಲಿಲ್ಲ; ಅವಳೇ ವಹಿಸಿಕೊಂಡಿದ್ದಳು. ಜನ ಅವಳನ್ನು ‘ಹವಾಮಾನ ಅಕ್ಕ’ ಎಂದು ಕರೆಯುತ್ತಿದ್ದರು. ಅದರಲ್ಲಿ ಸ್ವಲ್ಪ ಗೇಲಿಯೂ ಇತ್ತೆಂಬುದು ಅವಳಿಗೆ ಗೊತ್ತಿತ್ತು. ಆದರೂ ಬೆಳಿಗ್ಗೆ ಸಾಲಾಗಿ ಬಂದು ಬೀಳುವ ಹೆಬ್ಬೆಟ್ಟುಗಳನ್ನು ನೋಡಿದರೆ ಎದೆ ಉಬ್ಬುತ್ತಿತ್ತು.

ಗಂಡ: ಬಾವುಟ ಹಾಗಿರಲಿ, ಅದರ ಕೆಳಗೆ ನೀರು ನೋಡು. ತಟ್ಟೇಲಿಟ್ಟ ಹಾಗಿದೆ.

ಅವಳು: ಅದೇ ನಂಗೆ ಭಯ. ಒಳಗೊಳಗೆ ಏನಿದೆಯೋ! ನಮ್ಮ ಜೀರುಂಡೆ ಸದ್ದಿಲ್ಲದೆ ಇದ್ರೆ ನಾವು ಓಡಿ ಹೋಗಿ ನೋಡಲ್ವಾ, ಗೋಡೆ ಮೇಲೆ ಏನು ಗೀಚ್ತಿದ್ದಾಳೋ ಅಂತ?

ಗಂಡ: ಸರಿ, ಹೀಗೆ ಮಾಡೋಣ. ಆ ಕಾವಲಿನವನನ್ನೇ ಹೋಗಿ ಕೇಳೋಣ. ಅವನು ಡೇಂಜರ್ ಅಂತ ಕಾರಣ ಹೇಳಿದ್ರೆ ಅಲ್ಲಿಂದಲೇ ವಾಪಸ್ಸು, ಇನ್ನು ಮೇಲೆ ನಾನು ಸಮುದ್ರ ಅನ್ನೋ ಮಾತೇ ಎತ್ತಲ್ಲ. ಕಾರಣ ಇಲ್ಲ ಅಂದ್ರೆ ಇವತ್ತು ಮಗು ನೀರಿಗೆ ಇಳೀತಾಳೆ. ಒಪ್ಪಿಗೆನಾ?

ಸರ್ಕಾರದ ಕೆಂಪು ತನ್ನ ಕಡೆಗಿರುವಾಗ ಅವಳಿಗೇನು ಅಳುಕು? ಒಪ್ಪಿದಳು. ಒಪ್ಪಿದ್ದೇ ತಡ, ಚೀಲ ತುಂಬತೊಡಗಿದಳು: ಬಿಸಿಲಿಗೆ ಟೋಪಿ, ಧೂಳಿಗೆ ಮಾಸ್ಕು, ಕಚ್ಚಿದರೆ ಮುಲಾಮು, ಮುಳುಗದಿರಲು ಸೊಂಟಕ್ಕೆ ಗಾಳಿ ತುಂಬುವ ಟ್ಯೂಬು, ಅದು ಒಡೆದರೆ ಇರಲಿ ಎಂದು ಇನ್ನೊಂದು.

ಗಂಡ: ಮನೆ ಖಾಲಿ ಮಾಡ್ತಿದ್ದೀವೇನೇ?

ಅಷ್ಟು ಹೊತ್ತೂ ಬಾಗಿಲ ಬಳಿ ಬೂಟು ಹಾಕಿಕೊಂಡು ನಿಂತಿದ್ದ ಜೀರುಂಡೆ ಅಂದು ಕಿರ್ರೆನ್ನಲಿಲ್ಲ.

ಜೀರುಂಡೆ: ಅಮ್ಮಾ, ನೋಡಿ ವಾಪಸ್ ಬರೋದು ತಾನೆ? ಇಳಿಯೋದಿಲ್ಲ ತಾನೆ?

ಅವಳು: ಹೂಂ ಪುಟ್ಟಾ, ನೋಡಿ ಬರೋದಷ್ಟೇ.

ಹಾಗೆಂದ ಮೇಲೆ ಮಗಳ ಮುಖ ಅರಳಿತು. ಅದನ್ನು ಕಂಡು ತಾಯಿಗೆ ಸಮಾಧಾನವಾಗಬೇಕಿತ್ತು. ಯಾಕೋ ಆಗಲಿಲ್ಲ.

*

ಕಾವಲುಗಾರ ಗೋಪುರದ ನೆರಳಲ್ಲಿ ಕುರ್ಚಿ ಹಾಕಿಕೊಂಡು, ಕಡಲಿಗೆ ಬೆನ್ನು ಕೊಟ್ಟು, ರಸ್ತೆ ನೋಡುತ್ತ ಕೂತಿದ್ದ. ಎತ್ತರದ ಆಳು, ಕೊರಳಲ್ಲಿ ಸೀಟಿ. ಅತ್ತೆಯೂ ಸೇರಿ ನಾಲ್ವರೂ ಮರಳಿಗೆ ಕಾಲಿಟ್ಟದ್ದೇ ಸೀಟಿ ಊದಿದ.

ಕಾವಲುಗಾರ: ಹೋಗ್ಬೇಡಿ, ಹೋಗ್ಬೇಡಿ! ಕೆಂಪಿದೆ, ಕಾಣಲ್ವಾ?

ಅವಳು (ಗಂಡನಿಗೆ): ಕೇಳಿಸ್ತಾ?

ಗಂಡ: ನಾವು ಇಳೀತಿಲ್ಲ ಅಣ್ಣ. ಕೆಂಪು ಯಾಕೆ ಹಾಕಿದ್ದೀರಿ, ಅದೊಂದು ಹೇಳಿ ಸಾಕು.

ಕಾವಲುಗಾರ: ಯಾಕೆ ಅಂದ್ರೆ? ಡೇಂಜರ್.

ಗಂಡ: ಏನು ಡೇಂಜರ್? ಅಲೆ ಜೋರಾ?

ಕಾವಲುಗಾರ: ಅಲೆ ಅಲ್ಲ.

ಗಂಡ: ಸೆಳೆತ ಇದೆಯಾ?

ಕಾವಲುಗಾರ: ಇರಬಹುದು. ನಾನು ಇಳಿದು ನೋಡಿಲ್ಲ.

ಗಂಡ: ಯಾಕೆ ನೋಡಿಲ್ಲ?

ಕಾವಲುಗಾರ: ಕೆಂಪಿರುವಾಗ ಯಾರೂ ಇಳಿಯೋ ಹಾಗಿಲ್ಲ ಸಾರ್. ರೂಲ್ಸು.

ಗಂಡ: ಮತ್ತೆ ಡೇಂಜರ್ ಅಂತ ಹೇಗೆ ಗೊತ್ತಾಯ್ತು?

ಕಾವಲುಗಾರ: ಮೇಲಿನಿಂದ ಬರುತ್ತೆ.

ಗಂಡ: ಆಕಾಶದಿಂದಾ?

ಕಾವಲುಗಾರ: ಸೂಪರ್‌ವೈಸರ್ ಕಡೆಯಿಂದ ಸಾರ್. ದಿನಾ ಬೆಳಿಗ್ಗೆ ನನ್ನ ಮೊಬೈಲಿಗೆ ಕಳಿಸ್ತಾರೆ, ‘ನೋಡ್ಕೊಂಡು ಬಾವುಟ ಹಾಕು’ ಅಂತ. ಬರೆಯೋರು ಯಾರೋ ದೊಡ್ಡ ಆಫೀಸರು. ಏನು ಬರೀತಾರೆ ಅಂತೀರಿ! ಓದಿದ್ರೆ ಮೈಯೆಲ್ಲ ಜುಮ್ಮನ್ನುತ್ತೆ. ನನ್ನ ಹೆಂಡತಿಗೆ ಓದಿ ಹೇಳಿದ್ರೆ ಅವಳು ಬಕೆಟ್ಟಿಗೆ ಕೈ ಹಾಕೋಕೂ ಹೆದರ್ತಾಳೆ.

ಅವಳಿಗೆ ಹಿಗ್ಗೋ ಹಿಗ್ಗು. ಜಗತ್ತಿನಲ್ಲಿ ತನ್ನಂತೆ ಯೋಚಿಸುವವರು ಇನ್ನೊಬ್ಬರು ಇದ್ದಾರೆ, ಅದೂ ದೊಡ್ಡ ಹುದ್ದೆಯಲ್ಲಿ!

ಅವಳು: ಜೋರಾಗಿ ಓದಿ ಅಣ್ಣ. ಇವರ ಕಿವಿಗೂ ಸ್ವಲ್ಪ ಬೀಳ್ಲಿ.

ಕಾವಲುಗಾರ ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವವನಂತೆ ಓದಿದ.

ಕಾವಲುಗಾರ: ‘ಶುಭೋದಯ. ಕಡಲು ಮೇಲ್ನೋಟಕ್ಕೆ ಶಾಂತವಾಗಿದೆ. ಆದರೆ ಮೇಲ್ನೋಟವನ್ನು ನಂಬಿದವರು ಈಗ ಎಲ್ಲಿದ್ದಾರೆ? ಕೆಂಪು ಬಾವುಟ ಹಾರುತ್ತಲೇ ಇದೆ. ಸಮುದ್ರ ನಾಳೆಯೂ ಇರುತ್ತದೆ, ನಾವು ಇರಬೇಕಲ್ಲ! ದಯವಿಟ್ಟು ಮಕ್ಕಳನ್ನು ಅಪ್ಪಿಕೊಂಡು ಮನೆಯಲ್ಲೇ ಇರಿ.’

ಅವಳ ಕಿವಿ ಬಿಸಿಯಾಯಿತು. ‘ಮೇಲ್ನೋಟವನ್ನು ನಂಬಿದವರು ಈಗ ಎಲ್ಲಿದ್ದಾರೆ’ ಎಂಬ ಸಾಲನ್ನು ಬೆಳಿಗ್ಗೆ ಕಾಫಿ ಆರುವವರೆಗೆ ಕೂತು ತಿದ್ದಿದ್ದಳು. ಬರೆಯುವಾಗ ಎಷ್ಟು ಗಂಭೀರವಾಗಿ ಕಂಡಿತ್ತು! ಬಟಾಬಯಲಿನಲ್ಲಿ, ನೀರು ಗುಳುಗುಳು ಎನ್ನುವ ಕಡೆ, ಬೇರೊಬ್ಬರ ಬಾಯಲ್ಲಿ ಕೇಳಿದರೆ ಯಾರೋ ಸತ್ತ ಮನೆಯವರು ಬರೆದಂತಿತ್ತು.

ಗಂಡ (ತುಟಿ ಕಚ್ಚಿಕೊಂಡು): ಈ ದೊಡ್ಡ ಆಫೀಸರು ಯಾರು ಅಂತ ಗೊತ್ತಾ?

ಕಾವಲುಗಾರ: ಹವಾಮಾನದೋರು ಇರ್ಬೇಕು ಸಾರ್. ಹೆಂಗಸು ಅನ್ಸುತ್ತೆ. ಮದುವೆ ಆಗಿದ್ರೆ ಆ ಗಂಡನ ಪಾಡು ದೇವರಿಗೇ ಪ್ರೀತಿ.

ಗಂಡ (ಕೈ ಮುಂದೆ ಚಾಚಿ): ನಮಸ್ಕಾರ. ನಾನೇ ಅದು.

ಕಾವಲುಗಾರ ಕೈ ಕುಲುಕಿದ, ಆದರೆ ಅರ್ಥವಾಗಲಿಲ್ಲ. ಅತ್ತೆ ಬಿಡಿಸಿ ಹೇಳಿದರು. ಅವರ ದನಿಯಲ್ಲಿ ತುಸು ಹೆಮ್ಮೆಯೂ ಇತ್ತು.

ಅತ್ತೆ: ನಮ್ಮ ಸೊಸೇನೇ ಕಣಪ್ಪಾ ಅದನ್ನ ಬರೆಯೋದು, ಆ ಎದುರಿನ ಕಟ್ಟಡದ ಗ್ರೂಪಿಗೆ.

ಕಾವಲುಗಾರ (ಧಡಕ್ಕನೆ ಎದ್ದು ಸಲ್ಯೂಟ್ ಹೊಡೆದು): ಮೇಡಂ, ನೀವಾ! ಮೊದಲೇ ಹೇಳಬಾರದಾ? ಸೂಪರ್‌ವೈಸರೂ ನಿಮ್ಮ ಕಟ್ಟಡದಲ್ಲೇ ಇರೋದು, ಆ ಗ್ರೂಪಿಂದಲೇ ನಂಗೆ ಕಳಿಸ್ತಿರ್ಬೇಕು. ಅಲ್ಲಾ ಮೇಡಂ, ನಾಳೆ ಹೇಗಿರುತ್ತೆ?

ಅವಳು: ನಾಳೆನೂ ಇಲ್ಲ, ನಾಡಿದ್ದೂ ಇಲ್ಲ! ನಾನು ಆಫೀಸರಲ್ಲ ಅಣ್ಣಾ. ನಾನು ಮನೇಲಿ ಕೂತು ನಿಮ್ಮ ಬಾವುಟ ನೋಡಿ ಬರೀತಿದ್ದೆ!

ಕಾವಲುಗಾರ: ನಾನು ನಿಮ್ಮ ಮೆಸೇಜ್ ನೋಡಿ ಬಾವುಟ ಹಾಕ್ತಿದ್ದೆ!

ಅವಳು: ಕೆಂಪಿದೆಯಲ್ಲಾ ಅಂತ ನಾನು ಡೇಂಜರ್ ಅಂದೆ!

ಕಾವಲುಗಾರ: ಡೇಂಜರ್ ಅಂದ್ರಲ್ಲಾ ಅಂತ ನಾನು ಕೆಂಪು ಬಿಟ್ಟೆ! ದಿನಾ ಇಳಿಸೋಣ ಅಂತ ಹಗ್ಗಕ್ಕೆ ಕೈ ಹಾಕ್ತೀನಿ, ಅಷ್ಟರಲ್ಲಿ ಟಿಣ್ ಅಂತ ನಿಮ್ಮ ಶುಭೋದಯ!

ಅತ್ತೆ: ಮತ್ತೆ ಸಮುದ್ರನ ಯಾರು ನೋಡ್ತಿದ್ರಪ್ಪಾ?

ಎಲ್ಲರೂ ಒಟ್ಟಿಗೆ ತಿರುಗಿ ಸಮುದ್ರ ನೋಡಿದರು. ಅದು ತನ್ನಷ್ಟಕ್ಕೆ ಬರುತ್ತಿತ್ತು, ಹೋಗುತ್ತಿತ್ತು.

ಗಂಡ: ಇರಿ, ಇರಿ. ಮೊಟ್ಟಮೊದಲ ದಿನ ಕೆಂಪು ಹಾಕಿದ್ದು ಯಾಕೆ?

ಕಾವಲುಗಾರ (ತಲೆ ಕೆರೆದುಕೊಂಡು): ಅದು... ಮಳೆ ಬಿಡ್ತಲ್ಲಾ ಸಾರ್... ಬಾವುಟ ಕೊಳೆಯಾಗಿತ್ತು. ಒಗೆದು ಒಣಗಹಾಕಿದ್ದೆ. ಕಂಬಕ್ಕೆ ಕಟ್ಟಿದ್ರೆ ಬೇಗ ಒಣಗುತ್ತೆ.

ಗಂಡ: ಇಷ್ಟು ದಿನ ಒಣಗ್ತಾ ಇದೆಯಾ?

ಕಾವಲುಗಾರ: ಚೆನ್ನಾಗಿ ಒಣಗಿದೆ ಸಾರ್.

ಗಂಡ: ಹಸಿರು ಎಲ್ಲಿ?

ಕಾವಲುಗಾರ ನೆಲ ನೋಡಿದ. ಹಸಿರು ಬಾವುಟ ಪಕ್ಕದಲ್ಲೇ ಅವನ ಬೈಕಿನ ಸೀಟಿಗೆ ಹೊದಿಕೆಯಾಗಿ, ಅಂಚಿಗೆ ಅಚ್ಚುಕಟ್ಟಾಗಿ ಗಂಟು ಹಾಕಿಸಿಕೊಂಡು ಕೂತಿತ್ತು.

ಕಾವಲುಗಾರ: ಆದ್ರೂ ಸಾರ್, ನಾನೇ ಹೇಗೆ ಇಳಿಸ್ಲಿ? ಏನಾದ್ರೂ ಆದ್ರೆ ನನ್ನ ಕುತ್ತಿಗೆಗೆ ಬರುತ್ತೆ. ಮೇಡಂ ಒಂದು ಮೆಸೇಜ್ ಹಾಕ್ಲಿ, ಕಡಲು ಪರವಾಗಿಲ್ಲ ಅಂತ.

ಅವಳು: ನಾನು ಹೇಗೆ ಹಾಕ್ಲಿ? ನೀವು ಬಾವುಟ ಇಳಿಸಿ, ಆಮೇಲೆ ಹಾಕ್ತೀನಿ.

ಕಾವಲುಗಾರ: ಲೇಡೀಸ್ ಫಸ್ಟ್ ಮೇಡಂ.

ಅವಳು: ಡ್ಯೂಟಿ ಫಸ್ಟ್ ಅಣ್ಣಾ.

ಅತ್ತೆ: ನೀವಿಬ್ರೂ ಹೀಗೇ ನಿಂತಿದ್ರೆ ಸಮುದ್ರಕ್ಕೇ ಬೇಜಾರಾಗಿ ಎದ್ದು ಹೋಗುತ್ತೆ. ಹೋಗಪ್ಪಾ, ಅಷ್ಟುದ್ದ ಇದ್ದೀಯ. ಇಳಿದು ನೋಡ್ಕೊಂಡು ಬಾ.

ದೊಡ್ಡವರ ಮಾತು. ಕಾವಲುಗಾರ ಅಂಗಿ ತೆಗೆದು ಕುರ್ಚಿಗೆ ಹಾಕಿ ನೀರಿಗಿಳಿದ. ಮೊದಲು ಹೆದರಿದವನಂತೆ, ಆಮೇಲೆ ಹಳೆಯ ಗೆಳೆಯನ ಮನೆಗೆ ಹೋದವನಂತೆ. ಸೊಂಟಮಟ್ಟದ ನೀರಿನವರೆಗೆ ಹೋಗಿ ಆ ಕಡೆ ಈ ಕಡೆ ನಡೆದು, ಮುಳುಗಿ ಎದ್ದು, ತೊಟ್ಟಿಕ್ಕುತ್ತ ಬಂದ.

ಕಾವಲುಗಾರ: ಇಲ್ಲಿ ಅಂಚಲ್ಲಿ ಪರವಾಗಿಲ್ಲ ಮೇಡಂ. ಮಗು ಪಾದ ನೆನೆಸಬಹುದು. ದೊಡ್ಡೋರು ಕೈ ಹಿಡ್ಕೊಂಡಿರ್ಬೇಕು. ನಾನೂ ಪಕ್ಕದಲ್ಲೇ ನಿಂತಿರ್ತೀನಿ.

ಕೆಂಪು ಇಳಿಯಿತು, ಹಳದಿ ಏರಿತು. ಗಂಡ ಗೆದ್ದವನ ನಗೆ ನಕ್ಕು, ಮಗಳ ಮುಂದೆ ಮಂಡಿಯೂರಿ ಕೂತು, ಬೂಟಿನ ಲೇಸಿಗೆ ಕೈ ಹಾಕಿದ.

ಜೀರುಂಡೆ: ಬೇಡ.

ಗಂಡ: ಯಾಕೆ ಪುಟ್ಟಾ? ಸಮುದ್ರ ಬೇಕು ಅಂತಿದ್ದೆಯಲ್ಲ?

ಜೀರುಂಡೆ: ಇವತ್ತು ಬೇಡ. ಅಪ್ಪಾ, ಗಾಳಿ ನೋಡಿದ್ರಾ ನೀವು?

ಗಂಡ: ನೋಡ್ದೆ ಕಣಮ್ಮಾ, ಚೆನ್ನಾಗಿದೆ.

ಜೀರುಂಡೆ: ಮೇಲೆ ಚೆನ್ನಾಗೇ ಇರುತ್ತೆ. ಒಳಗೊಳಗೆ ಏನಿದೆಯೋ!

ಅದೇ ರಾಗ, ಅದೇ ಹುಬ್ಬು ಗಂಟು, ಕೊನೆಗೆ ಅದೇ ನಿಟ್ಟುಸಿರು. ಯಾರಾದರೂ ತನ್ನನ್ನು ಅಣಕಿಸಿದ್ದರೆ ಅವಳು ಜಗಳಕ್ಕೆ ಹೋಗುತ್ತಿದ್ದಳು. ಆದರೆ ಮಗು ಅಣಕಿಸುತ್ತಿರಲಿಲ್ಲ, ನಿಜಕ್ಕೂ ಹೆದರಿತ್ತು. ಬಿಸಿಲು ತಾಗದಂತೆ, ಧೂಳು ತಾಗದಂತೆ, ನೀರು ತಾಗದಂತೆ ಕಾಪಾಡಿದ್ದೇ ಕಾಪಾಡಿದ್ದು. ತಾನು ತಾಗದಂತೆ ಕಾಪಾಡುವುದು ಅವಳಿಗೆ ಹೊಳೆದೇ ಇರಲಿಲ್ಲ. ಗಂಡ ಏನಾದರೂ ಚುಚ್ಚಿ ಮಾತಾಡಿದ್ದರೆ ಚೆನ್ನಾಗಿತ್ತು. ಅವನು ಲೇಸನ್ನು ಮತ್ತೆ ಕಟ್ಟಿದ.

ಅವಳು: ನಾನು ಜೊತೆಗೆ ಬರ್ತೀನಿ ಪುಟ್ಟಾ. ಇಬ್ರೂ ಹೋಗೋಣ.

ಜೀರುಂಡೆ: ನೀನು ಮೊದ್ಲು ಹೋಗು.

ಅವಳು: ನಾನಾ?

ಜೀರುಂಡೆ: ಹೂಂ. ನೀನು ಹೋಗಿದ್ದೀಯಾ ಯಾವತ್ತಾದ್ರೂ?

ಅವಳು ಹೋಗಿರಲಿಲ್ಲ. ಅಲೆಗಳ ಎತ್ತರ, ಸೆಳೆತದ ವೇಗ, ಮುಳುಗುವವರ ಉಸಿರು, ಎಲ್ಲವನ್ನೂ ಓದಿಕೊಂಡಿದ್ದ ಅವಳ ಪಾದ ಇವತ್ತಿನವರೆಗೆ ಉಪ್ಪುನೀರು ಕಂಡದ್ದು ಬೆರಳು ಉಳುಕಿದಾಗ ಬಕೆಟ್ಟಿನಲ್ಲಿ ಮಾತ್ರ.

ಚಪ್ಪಲಿ ಬಿಟ್ಟಳು. ಮೊಬೈಲನ್ನು ಅತ್ತೆಯ ಕೈಗೆ ಕೊಟ್ಟಳು. ಕಣ್ಣು ಮುಚ್ಚಿಕೊಂಡು ನಡೆದಳು.

ಗಂಡ: ಕಣ್ಣು ಬಿಟ್ಕೊಂಡು ಹೋಗೇ, ಬೀಳ್ತೀಯ!

ಮೊದಲ ಅಲೆ ಹಿಮ್ಮಡಿ ಮುಟ್ಟಿದ್ದೇ ಅವಳು ಕಿಟಾರನೆ ಕಿರುಚಿದಳು. ಹೋಗುವಾಗ ಅದು ಅಂಗಾಲಿನ ಕೆಳಗಿನ ಮರಳನ್ನು ಮೆಲ್ಲಗೆ ಎಳೆದುಕೊಂಡು ಹೋಯಿತು. ಕಚಗುಳಿ. ಎರಡನೆಯದು ಮೊಣಕಾಲು ಮುಟ್ಟಿ ಬಟ್ಟೆ ನೆನೆಸಿತು. ಅವಳು ಮತ್ತೆ ಕಿರುಚಿದಳು. ಈ ಸಲ ಕಿರುಚು ಅರ್ಧದಲ್ಲೇ ನಗುವಾಗಿ ಹೊರಳಿತು, ಹೊಟ್ಟೆ ಹಿಡಿದುಕೊಂಡು ನಗುವ ನಗು.

ಅತ್ತೆ: ಇವಳಿಗೆ ಹೀಗೆ ನಗೋಕೂ ಬರುತ್ತೇನೋ?

ಗಂಡ: ಬರ್ತಿತ್ತಮ್ಮಾ. ಮುಂಚೆ ಬರ್ತಿತ್ತು.

ಜೀರುಂಡೆ ಒಣಮರಳಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

ಜೀರುಂಡೆ: ಅಮ್ಮಾ, ಸಾಕು ಬಾ! ನೆಗಡಿ ಆಗುತ್ತೆ!

ಅವಳು: ಇನ್ನೊಂದೇ ಒಂದು ಅಲೆ ಕಣೇ!

ಜೀರುಂಡೆ: ಬಂತಲ್ಲಾ ಇನ್ನೊಂದು!

ಅವಳು: ಅದು ಚಿಕ್ಕದು! ಅದು ಲೆಕ್ಕಕ್ಕಿಲ್ಲ!

ಜೀರುಂಡೆ: ಬರ್ತೀಯೋ ಇಲ್ವೋ? ನಾನೇ ಬಂದು ಎಳ್ಕೊಂಡು ಬರ್ಬೇಕಾ?

ಅವಳು: ಎರಡೇ ನಿಮಿಷ ಕಣೇ, ನನ್ನ ಬಂಗಾರ!

ತಾಳ್ಮೆಗೂ ಒಂದು ಮಿತಿಯಿರುತ್ತದೆ. ಜೀರುಂಡೆ ಬೂಟು ಹಾಕಿಕೊಂಡೇ ದಪದಪ ಬಂದಳು. ಕಾವಲುಗಾರ ಒಂದು ಹೆಜ್ಜೆ ಹತ್ತಿರ ಸರಿದ. ಹುಡುಗಿ ತಾಯಿಯ ಕೈಯನ್ನು ಎರಡೂ ಕೈಯಿಂದ ಹಿಡಿದು ದಡದ ಕಡೆಗೆ ಎಳೆಯುವುದಕ್ಕೂ ಹಿಂದಿನಿಂದ ಅಲೆಯೊಂದು ಬಂದು ಬೂಟು, ಸಾಕ್ಸು, ಲಂಗದ ಅಂಚನ್ನೆಲ್ಲ ತೋಯಿಸಿ ಹೋಗುವುದಕ್ಕೂ ಸರಿಹೋಯಿತು.

ಇನ್ನೇನು ಕಿರ್ರೆನ್ನುತ್ತಾಳೆ ಎಂದುಕೊಂಡರು ಎಲ್ಲರೂ. ಅನ್ನಲಿಲ್ಲ. ಬೂಟು ನೋಡಿಕೊಂಡಳು. ಆಮೇಲೆ ನೀರು ಹಿಂದಕ್ಕೆ ಜಾರಿಹೋದ ದಿಕ್ಕನ್ನು ನೋಡಿದಳು.

ಜೀರುಂಡೆ: ಅಮ್ಮಾ, ಅದು ಮತ್ತೆ ಬರುತ್ತಾ?

ಅವಳು: ಗೊತ್ತಿಲ್ಲ ಕಣೇ. ಇರು, ನೋಡೋಣ.

ಜೀರುಂಡೆ ತಾಯಿಯ ಕೈಯನ್ನು ಎಳೆಯುವುದು ಬಿಟ್ಟು, ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಕಡಲಿಗೆ ಮುಖ ಮಾಡಿ ನಿಂತಳು.

ಜೀರುಂಡೆ: ಸರಿಯಾಗಿ ಹಿಡ್ಕೋಮ್ಮಾ. ನೀನು ಬಿದ್ದುಹೋದ್ರೆ ನಾನು ಅಪ್ಪಂಗೆ ಏನು ಹೇಳ್ಲಿ?